ಚಳಿಗಾಲದ ಹಕ್ಕಿ ಪಟ್ಟಿ: ಸಾಗವಾನಿ ಕಾಡು, ಜೋಳದ ಹೊಲ

ಈ ಚಳಿಗಾಲಕ್ಕೆ ಪಟ್ಟಿ ಬರೆಯುವ ಕ್ರಮ ಬದಲಿಸಿದ್ದೇನೆ. ಇಡೀ ಬೆಳಗಿಗೆ ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಒಂದೇ ಪಟ್ಟಿ ಬೇಡ, 15 ನಿಮಿಷಕ್ಕೊಂದು ಇರಲಿ ಅಂತ. ಕಾಡಿನದು ಬೇರೆ, ಕಡಲೆ ಹೊಲದ್ದು ಬೇರೆ, ಜೋಳದ್ದು ಬೇರೆ. ಧಾರವಾಡದವರಿಗೆ ಇದು ಸುಲಭ. ಪಶ್ಚಿಮಕ್ಕೆ ಹಳಿಯಾಳ ರಸ್ತೆ ಹಿಡಿದರೆ ಸಾಗವಾನಿ, ಬಿದಿರು. ಪೂರ್ವಕ್ಕೆ ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಬೈಕ್ ಇದ್ದರೆ ಒಂದೇ ಮುಂಜಾನೆ ಎರಡೂ ಕಡೆ ಕಾಲಾಡಿಸಬಹುದು.

ಕಾಡಿನ ಪಟ್ಟಿಯಲ್ಲಿ ಹೊಸದೇನಿಲ್ಲ. ಹಸಿರು ಉಲಿಯಕ್ಕಿ, ಬೂದು ಕಾಜಾಣ, ಬಾಲ ಎಳೆದುಕೊಂಡು ಹಾರುವ ರಾಜಹಕ್ಕಿ. ನವರಂಗ ಮಾತ್ರ ಚೆನ್ನಾಗಿ ಸಿಕ್ಕಿತು. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿ. ಮೊದಲು ಕೇಳಿದ್ದು ಒಣಗಿದ ಸಾಗವಾನಿ ಎಲೆಯ ಸದ್ದು, ಹಪ್ಪಳ ಮುರಿದ ಹಾಗೆ. ಎಲೆ ಮಗುಚುವುದು, ಎರಡು ಸಲ ಕುಪ್ಪಳಿಸುವುದು, ನಿಲ್ಲುವುದು, ಮೋಟು ಬಾಲವನ್ನು ನಿಧಾನ ಮೇಲೆ ಕೆಳಗೆ ಆಡಿಸುವುದು. ಅಷ್ಟು ಬಣ್ಣ ಹೊತ್ತುಕೊಂಡೂ ನೆರಳಲ್ಲಿ ನಿಂತರೆ ಕಣ್ಣಿಗೇ ಬೀಳುವುದಿಲ್ಲ.

ಹೊಲದ ಕತೆ ಬೇರೆ. ಕಡಲೆಯ ನಡುವೆ ಅಲ್ಲಲ್ಲಿ ಕೋಲು ನೆಟ್ಟಿದ್ದರು, ಹಕ್ಕಿ ಕೂತು ಕಾಯಿಕೊರಕ ಹುಳು ಹೆಕ್ಕಲಿ ಅಂತ. ಕೋಲಿದ್ದ ಹೊಲದಲ್ಲಿ ಕಾಜಾಣ, ಕೀಚುಗ ಎರಡೂ ಹಾಜರ್. ಪಕ್ಕದಲ್ಲೇ ಕೋಲಿಲ್ಲದ ಹೊಲದ ಪಟ್ಟಿಯಲ್ಲಿ ಬರೀ ನೆಲಗುಬ್ಬಿ. ಒಂದೇ ಪಟ್ಟಿ ಮಾಡಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ.

ಹಿಂಗಾರಿ ಜೋಳ ಈಗ ಹಾಲುಗಾಳು. ನಮಗೆ ಎಳೆಕಾಳು ಸುಟ್ಟು ತಿನ್ನುವ ಸೀತನಿ ಕಾಲ, ಗುಲಾಬಿ ಕಬ್ಬಕ್ಕಿಗಳಿಗೂ ಅದೇ. ಸಾವಿರ ಲೆಕ್ಕದಲ್ಲಿ ಒಟ್ಟಿಗೆ ತೆನೆಗೆ ಇಳಿಯುತ್ತವೆ, ಒಟ್ಟಿಗೇ ಏಳುತ್ತವೆ. ಎಣಿಸುವ ಗೋಜಿಗೆ ಹೋಗಬೇಡಿ, ಫೋಟೊ ತೆಗೆದು ಆಮೇಲೆ ಅಂದಾಜು ಮಾಡಿ. ಅಟ್ಟದ ಮೇಲೆ ಕವಣೆ ಹಿಡಿದು ಕೂತಿದ್ದ ಅಜ್ಜ ಕೇಳಿದರು, "ಏನ್ ನೋಡಾಕತ್ತೀರಿ ಸರ?"

"ಹಕ್ಕಿ ರೀ ಅಜ್ಜಾರ."

"ಛಲೋ ಆತು. ಹೋಗುಮುಂದ ಇವನ್ನೂ ಕರಕೊಂಡು ಹೋಗ್ರಿ."

ಮಧ್ಯ ಏಷ್ಯಾದಿಂದ ಬರುತ್ತವೆ, ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ತಿನ್ನಲಿ ಅಂತ ಇವುಗಳ ಗೂಡಿಗೆ ಜನರೇ ಕಲ್ಲಿನ ಗುಡ್ಡೆ ಹಾಕಿಕೊಡುತ್ತಾರೆ ಅಂತೆಲ್ಲ ಹೇಳಿದೆ. ಅಜ್ಜ ಕವಣೆಗೆ ಕಲ್ಲು ಇಡುತ್ತಾ, "ಹಂಗಾರ ಅಲ್ಲೇ ಇರಬೇಕಿತ್ತಲ್ರಿ" ಅಂದರು. ಅವರ ಜೋಳ, ಅವರ ಮಾತು. ನಾನು ವಾದಿಸಲಿಲ್ಲ.

ಬಿಸಿಲೇರಿದ ಮೇಲೆ ಹ್ಯಾರಿಯರ್ ಎಂಬ ಬೇಟೆಹಕ್ಕಿ ಬಂತು, ನಮ್ಮ ಸೆಳೆವ. ರೆಕ್ಕೆಯನ್ನು ತುಸು ಮೇಲೆತ್ತಿ, ಬೆಳೆಯ ತಲೆ ಸವರುವಷ್ಟು ಕೆಳಗೆ, ಬದುವಿನ ಗುಂಟ ತೇಲಿಕೊಂಡು. ಗಂಡು, ಬೂದು ಬಣ್ಣ. ರೆಕ್ಕೆಯ ಮೇಲ್ಮೈಗೆ ಅಡ್ಡಲಾಗಿ ಕಪ್ಪು ಗೆರೆ ಕಂಡಿದ್ದರಿಂದ ಮಾಂಟೆಗು ಹ್ಯಾರಿಯರ್ ಅಂತ ಧೈರ್ಯವಾಗಿ ಬರೆದೆ. ಇನ್ನೊಂದು ಜಾತಿ ಪ್ಯಾಲಿಡ್ ಹ್ಯಾರಿಯರ್‌ಗೆ ಆ ಗೆರೆ ಇರುವುದಿಲ್ಲ, ರೆಕ್ಕೆಯ ತುದಿಯಲ್ಲಿ ಸಣ್ಣ ಕಪ್ಪು ಅಷ್ಟೆ. ಹೆಣ್ಣುಗಳು ದೂರದಲ್ಲಿದ್ದರೆ ಸುಮ್ಮನೆ 'ಹ್ಯಾರಿಯರ್' ಅಂತ ಬರೆದುಬಿಡುವುದೇ ಲೇಸು. ರಾತ್ರಿ ನೆಲದ ಮೇಲೆ, ಹುಲ್ಲಿನಲ್ಲೇ ಮಲಗುವ ಹಕ್ಕಿ ಇದು. ಹುಲ್ಲುಗಾವಲು ಕರಗಿದಷ್ಟೂ ಅದಕ್ಕೆ ಕಷ್ಟ. ಬಯಲಿನ ಹಕ್ಕಿಗಳು, ಬೇಟೆಹಕ್ಕಿಗಳು ಇಳಿಮುಖ ಅಂತ 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿಯೂ ಹೇಳಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠನ ಬಗ್ಗೆಯೂ ಅದೇ ವರದಿ ಕಳವಳ ತೋರಿಸಿತ್ತು. ಇಲ್ಲಿ ಕರೆಂಟ್ ತಂತಿಯ ಮೇಲೆ ಇನ್ನೂ ಕಾಣಸಿಗುತ್ತದೆ.

ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ (ಜಗತ್ತಿನಾದ್ಯಂತ ನಡೆಯುವ ಹಕ್ಕಿ ಎಣಿಕೆ) ಹೊತ್ತಿಗೆ ಜೋಳದ ಕಟಾವು ಶುರುವಾಗಿರುತ್ತದೆ. ಆಗ ಎರಡು ಬದುಗಳನ್ನು ಹೋಲಿಸುವ ಯೋಚನೆ: ಒಂದರಲ್ಲಿ ಜಾಲಿ, ಹುಲ್ಲು ಹಾಗೇ ಇದೆ, ಇನ್ನೊಂದನ್ನು ಜೆಸಿಬಿ ತಂದು ಬೋಳು ಮಾಡಿದ್ದಾರೆ. ಎರಡಕ್ಕೂ ಅದೇ 15 ನಿಮಿಷ, ಅದೇ ಹೊತ್ತು. ಜಾಲಿಯ ಬದುವಿನ ಯಜಮಾನರ ಒಪ್ಪಿಗೆ ಸಿಕ್ಕಿದೆ, ಇನ್ನೊಬ್ಬರನ್ನು ಕೇಳಬೇಕು.