ಹೊಟ್ಟೆಯಲ್ಲಿರುವ ಮಗುವಿಗೂ ಅದೇ ಕಾಯಿಲೆ ಇದೆಯಾ, ಈಗಲೇ ಗೊತ್ತಾಗುತ್ತಾ?

ನಮ್ಮ ಲ್ಯಾಬಿಗೆ ಬರುವ ಗಂಡ ಹೆಂಡತಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ಮೊದಲ ಮಗು ಚೆನ್ನಾಗಿಯೇ ಹುಟ್ಟಿರುತ್ತದೆ. ಕೆಲವು ತಿಂಗಳಾದ ಮೇಲೆ ಹೊಟ್ಟೆ ಉಬ್ಬುತ್ತದೆ, ನಿಂತ ಕತ್ತು ಮತ್ತೆ ವಾಲುತ್ತದೆ, ಕಲಿತ ಆಟವನ್ನೇ ಮಗು ಮರೆಯುತ್ತದೆ. ಏನು ಕಾಯಿಲೆ ಅಂತ ಅಲೆದಾಡುವುದರಲ್ಲೇ ವರ್ಷಗಳು ಹೋಗಿರುತ್ತವೆ. ಈಗ ಅವರು ಮತ್ತೆ ಬಸುರಿ. ‘ಇದಕ್ಕೂ ಹಾಗೇ ಆಗುತ್ತಾ ಮೇಡಂ?’

ಗೊತ್ತಾಗುತ್ತದೆ. ನಾವು ನೋಡುವುದು ಲೈಸೋಸೋಮ್ ಕಾಯಿಲೆಗಳನ್ನು, ಅಂದರೆ ಜೀವಕೋಶದ ಒಳಗೆ ಬೇಡದ ವಸ್ತು ಒಡೆಯದೆ ತುಂಬಿಕೊಂಡು ಬರುವ ಕಾಯಿಲೆಗಳನ್ನು. ಇವುಗಳಲ್ಲಿ ಹೆಚ್ಚಿನವನ್ನು ಮೂರನೇ ತಿಂಗಳ ಕೊನೆಯ ಹೊತ್ತಿಗೇ ಹೇಳಬಹುದು. ಆದರೆ ಮೊದಲ ಮಗುವಿನ ಕಾಯಿಲೆಯ ಹೆಸರು ಖಚಿತವಾಗಿ ಗೊತ್ತಿರಬೇಕು. ಇದೊಂದು ಮಾತು ಎಲ್ಲರಿಗೂ ತಲುಪಲಿ ಅಂತಲೇ ಬರೆಯುತ್ತಿದ್ದೇನೆ.

ಹೆಸರು ಯಾಕೆ ಬೇಕು? ನಮ್ಮ ಜೀವಕೋಶಗಳ ಒಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. 1955ರಲ್ಲಿ ಇವಕ್ಕೆ ಆ ಹೆಸರಿಟ್ಟವರು ವಿಜ್ಞಾನಿ ಕ್ರಿಸ್ಟಿಯಾನ್ ಡಿ ಡುವ್. ಬೇಡದ ವಸ್ತುಗಳನ್ನು ಒಡೆದು ಪುಡಿ ಮಾಡುವುದು ಈ ಚೀಲಗಳ ಕೆಲಸ. ಒಡೆಯುವುದಕ್ಕೆ ಬಗೆಬಗೆಯ ಕಿಣ್ವಗಳಿವೆ. ಯಾವುದೋ ಒಂದು ಕಿಣ್ವ ಇಲ್ಲದಿದ್ದರೂ ಅದು ಒಡೆಯಬೇಕಾದ ವಸ್ತು ಅಲ್ಲೇ ತುಂಬಿಕೊಳ್ಳುತ್ತದೆ. ಗ್ಲೂಕೋಸೆರೆಬ್ರೋಸಿಡೇಸ್ ಇಲ್ಲದಿದ್ದರೆ ಗೋಶೆ ಕಾಯಿಲೆ. ಹೆಕ್ಸೋಸಮಿನಿಡೇಸ್ ಎ ಇಲ್ಲದಿದ್ದರೆ ಟೇ ಸ್ಯಾಕ್ಸ್. ಇಂಥವು 50ಕ್ಕೂ ಜಾಸ್ತಿ ಇವೆ. ಹೊಟ್ಟೆಯೊಳಗಿನಿಂದ ನಮಗೆ ಸಿಗುವುದು ಕೆಲವೇ ಮಿಲಿಗ್ರಾಂ ಸ್ಯಾಂಪಲ್. ಅಷ್ಟರಲ್ಲಿ ಎಲ್ಲವನ್ನೂ ಹುಡುಕುತ್ತಾ ಕೂರುವುದಕ್ಕಾಗುವುದಿಲ್ಲ.

ಒಬ್ಬ ತಾಯಿ ಎಂಟನೇ ವಾರದಲ್ಲಿ ಬಂದಿದ್ದರು. ಮೊದಲ ಮಗು ತೀರಿಕೊಂಡು ಎರಡು ವರ್ಷವಾಗಿತ್ತು. ಫೈಲಿನಲ್ಲಿ ಕಾಯಿಲೆಯ ಹೆಸರಿರಲಿಲ್ಲ. ಪುಣ್ಯಕ್ಕೆ ಮಗುವಿನ ಚರ್ಮದ ಚೂರಿನಿಂದ ಬೆಳೆಸಿದ ಕೋಶಗಳನ್ನು ವೈದ್ಯರೊಬ್ಬರು ಫ್ರೀಜ್ ಮಾಡಿಸಿ ಇಟ್ಟಿದ್ದರು. ಅವನ್ನು ಮತ್ತೆ ಬೆಳೆಸಿ ನೋಡಿದೆವು. ಬೀಟಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಹೆಚ್ಚೂಕಡಿಮೆ ಇರಲೇ ಇಲ್ಲ, ಅಂದರೆ ಜಿಎಂ1 ಎಂಬ ಲೈಸೋಸೋಮ್ ಕಾಯಿಲೆ. ಏನನ್ನು ನೋಡಬೇಕು ಅಂತ ಆಗ ಗೊತ್ತಾಯಿತು.

‘ನಮ್ಮಿಬ್ಬರಿಗೂ ಏನೂ ಇಲ್ಲವಲ್ಲ, ಮಗುವಿಗೆ ಹೇಗೆ ಬಂತು?’ ಅಂತಲೂ ಕೇಳುತ್ತಾರೆ. ಅಪ್ಪ ಅಮ್ಮ ಇಬ್ಬರಲ್ಲೂ ಆ ಕಿಣ್ವದ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದು, ಇನ್ನೊಂದು ಸರಿ ಇರುತ್ತದೆ. ಅರ್ಧ ಕಿಣ್ವದಲ್ಲೇ ಅವರ ದೇಹ ನಡೆದುಹೋಗುತ್ತದೆ. ಇಬ್ಬರಿಂದಲೂ ಕೆಟ್ಟ ಪ್ರತಿಯೇ ಮಗುವಿಗೆ ಬಂದರೆ ಕಾಯಿಲೆ. ಪ್ರತಿ ಬಸುರಿನಲ್ಲೂ ಈ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಅನ್ನುವ ಲೆಕ್ಕ ಅಲ್ಲ. ಹಂಟರ್, ಫ್ಯಾಬ್ರಿ ಥರದ ಕೆಲವು ಕಾಯಿಲೆಗಳು ಮಾತ್ರ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುತ್ತವೆ. ತಪ್ಪು ಯಾರದೂ ಅಲ್ಲ. ಇದನ್ನು ಅತ್ತೆ ಮಾವಂದಿರ ಎದುರಿಗೇ ಹೇಳುತ್ತೇನೆ.

ಪರೀಕ್ಷೆ 11ರಿಂದ 13ನೇ ವಾರದಲ್ಲಿ. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ ಮಾಸಿನ ಚೂರು ತೆಗೆಯುತ್ತಾರೆ. ಇದಕ್ಕೆ ಸಿವಿಎಸ್ ಅನ್ನುತ್ತಾರೆ. ಗರ್ಭ ಹೋಗುವ ಅಪಾಯ ಇದೆ, ಆದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆ ಚೂರು ನನ್ನ ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ಮಗುವಿನ ಭಾಗ ಬೆಳ್ಳಗೆ, ಕವಲು ಕವಲಾಗಿ, ನೀರಿನಲ್ಲಿ ಪಾಚಿ ಎಳೆಯ ಹಾಗೆ ಆಡುತ್ತಿರುತ್ತದೆ. ತಾಯಿಯ ಭಾಗಕ್ಕೆ ಕವಲಿಲ್ಲ. ಅದನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಬೇಕು. ಚೂರು ಉಳಿದರೂ ತಾಯಿಯ ಕಿಣ್ವ ಸೇರಿಕೊಂಡು, ಕಾಯಿಲೆ ಇರುವ ಮಗುವೂ ಆರೋಗ್ಯವಾಗಿದೆ ಅಂತ ತೋರಿಸಿಬಿಡಬಹುದು. ಆ ಹೊತ್ತಿನಲ್ಲಿ ನಾನು ಫೋನ್ ಎತ್ತುವುದಿಲ್ಲ.

ಆಮೇಲೆ ಅದನ್ನು ಅರೆದು, ಕಿಣ್ವ ತುಂಡರಿಸಿದರೆ ಮಾತ್ರ ಹೊಳೆಯುವ ಒಂದು ರಾಸಾಯನಿಕ ಸೇರಿಸಿ, 37 ಡಿಗ್ರಿಯಲ್ಲಿ ಇಡುತ್ತೇವೆ. ಕಿಣ್ವ ಇದ್ದರೆ ಅತಿನೇರಳೆ ಬೆಳಕಿನಲ್ಲಿ ಟ್ಯೂಬು ನೀಲಿಯಾಗಿ ಹೊಳೆಯುತ್ತದೆ. ಹೊಳೆಯಲಿಲ್ಲ ಅಂದ ಕೂಡಲೇ ತೀರ್ಪು ಕೊಡುವಂತಿಲ್ಲ. ಅದೇ ಸ್ಯಾಂಪಲ್‌ನಲ್ಲಿ ಬೇರೊಂದು ಕಿಣ್ವವನ್ನೂ ಅಳೆಯುತ್ತೇವೆ. ಅದೂ ಕಡಿಮೆ ಬಂದರೆ ಸ್ಯಾಂಪಲ್ಲೇ ಕೆಟ್ಟಿರಬಹುದು. ಪಕ್ಕದಲ್ಲಿ ಅಷ್ಟೇ ವಾರದ, ಕಾಯಿಲೆ ಇಲ್ಲದ ಸ್ಯಾಂಪಲ್ ಕೂಡ ಓಡುತ್ತಿರಬೇಕು.

ಅಪ್ಪ ಅಮ್ಮನ ರಕ್ತವನ್ನೂ ಸುಮ್ನೆ ಕೇಳುವುದಿಲ್ಲ. ಅರೈಲ್‌ಸಲ್ಫಟೇಸ್ ಎ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ತೀರಾ ಕಡಿಮೆ ಇರುತ್ತದೆ, ಆದರೂ ಅವರಿಗೆ ಏನೂ ಆಗುವುದಿಲ್ಲ. ಇದು ಮೊದಲೇ ಗೊತ್ತಿಲ್ಲದಿದ್ದರೆ ಆರೋಗ್ಯವಾದ ಮಗುವಿಗೆ ಕಾಯಿಲೆ ಅಂದುಬಿಡುವ ಭಯ ಇದೆ. ಮೊದಲ ಮಗುವಿನ ಜೀನ್ ದೋಷ ಗೊತ್ತಿದ್ದರೆ ಅದನ್ನೂ ಜೊತೆಗೆ ನೋಡುತ್ತೇವೆ. ನೀಮನ್ ಪಿಕ್ ಸಿ ಥರದ ಕಾಯಿಲೆಗೆ ಕಿಣ್ವ ಪರೀಕ್ಷೆ ನಡೆಯುವುದೇ ಇಲ್ಲ, ಜೀನ್ ಪರೀಕ್ಷೆಯೇ ಬೇಕು.

‘ಸ್ಕ್ಯಾನಿಂಗ್ ಚೆನ್ನಾಗಿದೆ ಅಂದರಲ್ಲ, ಸಾಕಲ್ವಾ?’ ಸಾಲದು. ಕೆಲವು ಮಕ್ಕಳಲ್ಲಿ ಮೈಯೆಲ್ಲ ನೀರು ತುಂಬಿದ್ದು ಕಾಣಬಹುದು. ಹೆಚ್ಚಿನವರಲ್ಲಿ ಏನೂ ಕಾಣುವುದಿಲ್ಲ.

ಜಿಎಂ1 ಅಂದೆನಲ್ಲ, ಆ ತಾಯಿಯ ಟ್ಯೂಬು ನೀಲಿಯಾಗಿ ಹೊಳೆಯಿತು. ಎಲ್ಲರದೂ ಹಾಗಾಗುವುದಿಲ್ಲ. ಆಗ ಮುಂದೇನು ಅನ್ನುವುದು ಅವರ ನಿರ್ಧಾರ. ಯೋಚಿಸಲು ಅವರಿಗೆ ಸಮಯ ಬೇಕು. 15ನೇ ವಾರ ದಾಟಿ ಬಂದರೆ ಗರ್ಭದ ನೀರಿನ ಕೋಶ ಬೆಳೆಸಬೇಕು, ಅದಕ್ಕೇ ಇನ್ನೂ ಎರಡು ಮೂರು ವಾರ ಹೋಗುತ್ತದೆ. ಆದ್ದರಿಂದ ಮಗು ಬೇಕು ಅಂದುಕೊಂಡಾಗಲೇ ಬನ್ನಿ. ಮೊದಲ ಮಗುವಿನ ಫೈಲು ತನ್ನಿ. ಆ ಮಗು ಈಗ ಆಸ್ಪತ್ರೆಯಲ್ಲಿ ಮಲಗಿದ್ದರೆ, ಕೇಳಲು ಎಷ್ಟೇ ಕಷ್ಟವಾದರೂ, ‘ಸ್ವಲ್ಪ ರಕ್ತ ತೆಗೆದು ಡಿಎನ್‌ಎ ಇಡಿಸಿ ಡಾಕ್ಟ್ರೇ’ ಅಂತ ಇವತ್ತೇ ಕೇಳಿ.