ಅಕ್ಕನಿಂದ ತಂಗಿಗೆ ಬಂದ ಉಡುಪು: 1933ರ ‘ಲಿಟಲ್ ವಿಮೆನ್’

ಜಾರ್ಜ್ ಕ್ಯೂಕರ್ ನಿರ್ದೇಶಿಸಿದ 1933ರ ‘ಲಿಟಲ್ ವಿಮೆನ್’ ಚಿತ್ರವನ್ನು ಮೂರನೆಯ ಸಲ ನೋಡುವಾಗ ನನ್ನ ಗಮನವೆಲ್ಲ ಬಟ್ಟೆಗಳ ಮೇಲಿತ್ತು. ಉಡುಪುಗಳನ್ನು ರೂಪಿಸಿದ ವಾಲ್ಟರ್ ಪ್ಲಂಕೆಟ್, ಮಾರ್ಚ್ ಮನೆತನದ ನಾಲ್ವರು ಅಕ್ಕತಂಗಿಯರಿಗೆ ಸಿನಿಮಾದ ನಾಯಕಿಯರಿಗೆ ಹೊಲಿಸುವಂತೆ ದೃಶ್ಯಕ್ಕೊಂದು ಹೊಸ ಉಡುಪು ಹೊಲಿಸಲಿಲ್ಲ. ಅನುಕೂಲದಿಂದ ಬಡತನಕ್ಕಿಳಿದ ಮನೆಗಳಲ್ಲಿ ನಡೆಯುವಂತೆ, ಒಬ್ಬಳ ಮೈಮೇಲೆ ಕಂಡ ಉಡುಪು ಮುಂದೆ ಇನ್ನೊಬ್ಬಳ ಮೈಮೇಲೆ ಕಾಣಿಸಿಕೊಳ್ಳುವಂತೆ ಅವರು ಯೋಜಿಸಿದ್ದರು. ಚಿತ್ರದಲ್ಲಿ ಯಾರೂ ಇದನ್ನು ಮಾತಿನಲ್ಲಿ ಹೇಳುವುದಿಲ್ಲ. ನೋಡುವವರು ಕಂಡುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ನಾನು ನಡುವಿನವಳು. ಅಮ್ಮ ದೊಡ್ಡಕ್ಕನ ಲಂಗಕ್ಕೆ ಕೆಳಗಡೆ ಎರಡು ಮೂರು ಮಡಿಕೆ ಹಿಡಿದು ಹೊಲಿದಿರುತ್ತಿದ್ದಳು. ಅಕ್ಕ ಬೆಳೆದಂತೆ ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಬಿಸಿಲು ತಾಗದ ಬಟ್ಟೆಯ ಹಳೆಯ ಬಣ್ಣ ಒಂದು ಗಾಢ ಗೆರೆಯಾಗಿ ಉಳಿಯುತ್ತಿತ್ತು. ಆ ಲಂಗ ನನಗೆ ಬರುವಾಗ ಅಂತಹ ಎರಡು ಗೆರೆಗಳಿರುತ್ತಿದ್ದವು, ತಂಗಿಗೆ ಹೋಗುವಾಗ ಮೂರು. ಆದ್ದರಿಂದ ಪ್ಲಂಕೆಟ್ ಅವರ ಈ ಎಚ್ಚರ ನನಗೆ ಕುಶಲಗಾರಿಕೆಯಾಗಿ ಮಾತ್ರ ಕಾಣಲಿಲ್ಲ. ಅಕ್ಕತಂಗಿಯರು ಎಂದರೇನು ಎಂಬುದು ಈ ಚಿತ್ರ ಮಾಡಿದವರಿಗೆ ಗೊತ್ತಿತ್ತು ಎಂಬ ನಂಬಿಕೆ ನನ್ನಲ್ಲಿ ಹುಟ್ಟಿದ್ದೇ ಅದರಿಂದ.

ಈ ಚಿತ್ರಕ್ಕೆ ಮೂಲವಾದ ಲೂಯಿಸಾ ಮೇ ಆಲ್ಕಾಟ್ ಅವರ ಕಾದಂಬರಿ 1868 ಮತ್ತು 1869ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು. ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕ ಥಾಮಸ್ ನೈಲ್ಸ್ ಕೇಳಿದಾಗ ಅವರಿಗೆ ಅದರಲ್ಲಿ ಉತ್ಸಾಹವಿರಲಿಲ್ಲ; ತನ್ನ ಅಕ್ಕತಂಗಿಯರನ್ನು ಬಿಟ್ಟರೆ ತನಗೆ ಹೆಚ್ಚು ಹುಡುಗಿಯರ ಪರಿಚಯವೇ ಇಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡರು. ಕೊನೆಗೆ ಆ ಪರಿಚಯವನ್ನೇ ನೆಚ್ಚಿಕೊಂಡು, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಆರ್ಚರ್ಡ್ ಹೌಸ್ ಎಂಬ ತಮ್ಮ ಮನೆಯಲ್ಲಿ ಕುಳಿತು ಬರೆದರು. ಅಕ್ಕ ಆ್ಯನಾ ಕಾದಂಬರಿಯ ಮೆಗ್ ಆದಳು, 1858ರಲ್ಲಿ ತೀರಿಕೊಂಡ ತಂಗಿ ಎಲಿಜಬೆತ್ ಬೆತ್ ಆದಳು, ಚಿತ್ರ ಬರೆಯುತ್ತಿದ್ದ ಕಿರಿಯ ತಂಗಿ ಮೇ ಏಮಿ ಆದಳು. ಜೋ ಮಾತ್ರ ಅವರೇ. ಚಿತ್ರದಲ್ಲಿ ನಾವು ಕಾಣುವ ಮನೆಯ ಒಳಭಾಗವನ್ನು ಒಳಾಂಗಣ ವಿನ್ಯಾಸಕ ಹೋಬ್ ಅರ್ವಿನ್ ಆ ನಿಜವಾದ ಮನೆಯ ಮಾದರಿಯಲ್ಲಿಯೇ ಕಟ್ಟಿಸಿದರು.

ಆರ್‌ಕೆಓ ಸಂಸ್ಥೆಯ ಈ ಚಿತ್ರ 1933ರ ನವೆಂಬರಿನಲ್ಲಿ ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ತೆರೆ ಕಂಡಿತು. ಅಮೆರಿಕ ಆಗ ಆರ್ಥಿಕ ಮಹಾಕುಸಿತದ ನಡುವಿನಲ್ಲಿತ್ತು. ಕಾದಂಬರಿ ಆರಂಭವಾಗುವುದು ಉಡುಗೊರೆಗಳಿಲ್ಲದ ಕ್ರಿಸ್‌ಮಸ್‌ ಕುರಿತ ಹುಡುಗಿಯರ ಗೊಣಗಾಟದಿಂದ. ಚಿತ್ರ ಆರಂಭವಾಗುವುದು ಅಂತರ್ಯುದ್ಧದ ಸೈನಿಕರಿಗೆ ನೆರವು ಒದಗಿಸುವ ಕಚೇರಿಯಲ್ಲಿ ತಾಯಿ ಮಾರ್ಮಿ ದುಡಿಯುತ್ತಿರುವಲ್ಲಿ. ಅಲ್ಲಿಗೆ ಒಬ್ಬ ಮುದುಕ ಬರುತ್ತಾನೆ. ಅವನ ನಾಲ್ವರು ಮಕ್ಕಳೂ ಸೈನ್ಯ ಸೇರಿದವರು: ಇಬ್ಬರು ಸತ್ತಿದ್ದಾರೆ, ಒಬ್ಬ ಸೆರೆಯಲ್ಲಿದ್ದಾನೆ, ಉಳಿದವನು ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಮುದುಕ ಅವನನ್ನು ನೋಡಲು ಹೊರಟಿದ್ದಾನೆ. ಕಾದಂಬರಿಯಲ್ಲಿ ಇದು ಮಾರ್ಮಿ ಮಕ್ಕಳಿಗೆ ಬುದ್ಧಿ ಹೇಳುವಾಗ ಬರುವ ಕಥೆ. ಚಿತ್ರಕಥೆ ಬರೆದ ಸಾರಾ ವೈ. ಮೇಸನ್ ಮತ್ತು ವಿಕ್ಟರ್ ಹೀರ್ಮನ್ ದಂಪತಿ ಅದನ್ನು ಹೇಳಿಸದೆ ಕಣ್ಣೆದುರು ತಂದು ನಿಲ್ಲಿಸಿದರು. ಹೊದೆಯಲು ಕೋಟು ಇಲ್ಲದವರು ಬೀದಿಬೀದಿಯಲ್ಲಿದ್ದ ಆ ಚಳಿಗಾಲದಲ್ಲಿ ಸಭಾಂಗಣದ ಕತ್ತಲಲ್ಲಿ ಕುಳಿತವರಿಗೆ ಆ ಮುದುಕ ಅಪರಿಚಿತನಾಗಿ ಕಂಡಿರಲಾರ. ಈ ರೂಪಾಂತರಕ್ಕಾಗಿ ದಂಪತಿಗೆ ಆಸ್ಕರ್ ಬಂದಿತು, ಮತ್ತು ಆ ಒಂದು ಆರಂಭಕ್ಕೇ ಅದು ಸಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ಜೋ ಪಾತ್ರದ ಕ್ಯಾಥರೀನ್ ಹೆಪ್‌ಬರ್ನ್ ಅವರ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ. ಆಗ ಅವರಿಗೆ 26 ವರ್ಷ. ಜೋ ಕಥೆಯ ಆರಂಭದಲ್ಲಿ 15ರ ಹುಡುಗಿ. ಈ ವಯಸ್ಸಿನ ಅಂತರವನ್ನು ಅವರು ಮುಖದಿಂದ ಮುಚ್ಚಲು ಹೋಗದೆ ಕಾಲುಗಳಿಂದ ದಾಟುತ್ತಾರೆ. ಬೇಲಿ ಹಾರುವುದು, ಹಿಮದಲ್ಲಿ ಓಡುವುದು, ನಾಟಕದಲ್ಲಿ ಬೂಟು ತೊಟ್ಟು ಖಡ್ಗ ಬೀಸುತ್ತ ಗಂಡುಪಾತ್ರ ಮಾಡುವುದು, ಇವೆಲ್ಲ ‘ಹುಡುಗಿಯರು ಹೀಗೆ ನಡೆಯಬೇಕು’ ಎಂಬ ಪಾಠ ಇನ್ನೂ ದೇಹಕ್ಕೆ ಇಳಿಯದ ಹುಡುಗಿಯ ಚಲನೆಗಳು. ಮ್ಯಾಸಚೂಸೆಟ್ಸ್ ಪಕ್ಕದ ಕನೆಕ್ಟಿಕಟ್ ರಾಜ್ಯದಲ್ಲಿ, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ತಾಯಿಯ ಮಗಳಾಗಿ ಬೆಳೆದ ಹೆಪ್‌ಬರ್ನ್‌ಗೆ ಈ ಸೀಮೆಯ ಮಾತಿನ ಧಾಟಿಯನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ತಮ್ಮ ತಾಯಿಯ ತಾಯಿಯ ಹಳೆಯ ಭಾವಚಿತ್ರವೊಂದನ್ನು ಪ್ಲಂಕೆಟ್ ಅವರಿಗೆ ಕೊಟ್ಟು, ಅದರಲ್ಲಿದ್ದಂತಹದೇ ಉಡುಪನ್ನು ಈ ಚಿತ್ರಕ್ಕಾಗಿ ಹೊಲಿಸಿಕೊಂಡರು. ಅಕ್ಕತಂಗಿಯರು ಉಡುಪು ಹಂಚಿಕೊಳ್ಳುವ ಚಿತ್ರದಲ್ಲಿ ಮೊಮ್ಮಗಳೊಬ್ಬಳು ಅಜ್ಜಿಯ ಉಡುಪನ್ನೂ ತೊಟ್ಟು ನಿಂತಿದ್ದಾಳೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಏಮಿಯಾಗಿ ನಟಿಸಿದ ಜೋನ್ ಬೆನೆಟ್ ಚಿತ್ರೀಕರಣದ ಹೊತ್ತಿಗೆ ಗರ್ಭಿಣಿಯಾಗಿದ್ದರು. 12 ವರ್ಷದ ಹುಡುಗಿಯ ಪಾತ್ರಕ್ಕಾಗಿ ಅವರ ಉಡುಪುಗಳನ್ನು ಸಡಿಲಿಸಿ ತಿದ್ದಬೇಕಾಯಿತು. ಫ್ರಾನ್ಸಿಸ್ ಡೀ ಅವರ ಮೆಗ್ ಸುಂದರಿ, ಸೌಮ್ಯೆ, ಅದಕ್ಕಿಂತ ಹೆಚ್ಚೇನೂ ಅಲ್ಲ. ಎಡ್ನಾ ಮೇ ಆಲಿವರ್ ಅವರ ಮಾರ್ಚ್ ಅತ್ತೆ ತೆರೆಯ ಮೇಲೆ ಬಂದಾಗಲೆಲ್ಲ ಚಿತ್ರಕ್ಕೆ ಹುರುಪು ಬರುತ್ತದೆ. ಬೆತ್ ಪಾತ್ರದ ಜೀನ್ ಪಾರ್ಕರ್ ಮಾತ್ರ ನನ್ನನ್ನು ಪ್ರತಿ ಸಲವೂ ಅಳಿಸಿದ್ದಾರೆ. ಬೆತ್ ಒಂದು ಅಪಾಯಕಾರಿ ಪಾತ್ರ. ಸಾಯಲೆಂದೇ ಬಂದವಳಂತೆ ಮೊದಲಿನಿಂದ ನಟಿಸಿಬಿಟ್ಟರೆ ಮುಗಿಯಿತು. ಪಾರ್ಕರ್ ಆ ಹುಡುಗಿಯ ನಾಚಿಕೆಯನ್ನು ನಟಿಸುತ್ತಾರೆ, ಪಿಯಾನೊ ಮನೆಗೆ ಬಂದಾಗಿನ ದಿಗ್ಭ್ರಮೆಯನ್ನು ನಟಿಸುತ್ತಾರೆ. ಸಾವು ತನ್ನ ಪಾಡಿಗೆ ತಾನು ಬರುತ್ತದೆ.

ಮೆಗ್‌ಳ ಮದುವೆಯ ಮಾತು ಬಂದಾಗ ಜೋ ಪಡುವ ಸಂಕಟವೂ ಹಾಗೆಯೇ ನಿಜವಾದದ್ದು. ಭಾವನಾಗಲಿರುವವನ ಮೇಲೆ ಅವಳಿಗೆ ದ್ವೇಷವಿಲ್ಲ. ನಾಲ್ವರಿದ್ದ ಕೋಣೆಯಲ್ಲಿ ಮೂವರು ಉಳಿಯುತ್ತಾರೆ ಎಂಬ ಲೆಕ್ಕವನ್ನು ಅವಳಿಂದ ಸಹಿಸಲಾಗುವುದಿಲ್ಲ. ದೊಡ್ಡಕ್ಕನನ್ನು ಗಂಡನ ಮನೆಗೆ ಕಳುಹಿಸಿದ ರಾತ್ರಿ ನಾನೂ ತಂಗಿಯೂ ಹಾಸಿಗೆಯ ಮೇಲೆ ಅಕ್ಕನ ಜಾಗವನ್ನು ಖಾಲಿ ಬಿಟ್ಟೇ ಮಲಗಿದ್ದೆವು.

ಕೊನೆಯಲ್ಲಿ ಪಾಲ್ ಲೂಕಾಸ್ ಅವರ ಪ್ರೊಫೆಸರ್ ಬೇರ್ ಮಳೆಯಲ್ಲಿ ಬಂದು ನಿಲ್ಲುತ್ತಾರೆ, ಜೋ ಅವರನ್ನು ಒಪ್ಪುತ್ತಾಳೆ. ಆಲ್ಕಾಟ್ ಸ್ವತಃ ಮದುವೆಯಾಗಲಿಲ್ಲ. ಜೋ ಬರಹವನ್ನೇ ನೆಚ್ಚಿಕೊಂಡು ಒಂಟಿಯಾಗಿ ಉಳಿಯಬೇಕಿತ್ತು ಎಂದೂ, ಓದುಗರ ಒತ್ತಾಯಕ್ಕೆ ಹೀಗೊಂದು ವಿಚಿತ್ರ ಜೋಡಿ ಮಾಡಿದ್ದಾಗಿಯೂ ಅವರು ಗೆಳತಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಚಿತ್ರಕ್ಕೆ ಅಂತಹ ಅನುಮಾನವಿಲ್ಲ. ಅದಕ್ಕಾಗಿ ನಾನು ಚಿತ್ರವನ್ನು ದೂರುವುದಿಲ್ಲ, ಏಕೆಂದರೆ ಮುದ್ರಿತ ಪುಸ್ತಕದಲ್ಲಿರುವುದೂ ಅದೇ ಮದುವೆ.

ನನ್ನ ದೂರು ಬೇರೆಯದು. ಕಾದಂಬರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಜೋ ಮತ್ತು ಮೆಗ್ ಏಮಿಯನ್ನು ಮನೆಯಲ್ಲಿಯೇ ಬಿಟ್ಟು ನಾಟಕಕ್ಕೆ ಹೋಗುತ್ತಾರೆ. ಆ ಸಿಟ್ಟಿಗೆ ಏಮಿ, ಜೋ ವರ್ಷಗಳಿಂದ ಬರೆದಿಟ್ಟಿದ್ದ ಕಥೆಗಳ ಪುಸ್ತಕವನ್ನು ಬೆಂಕಿಗೆ ಹಾಕುತ್ತಾಳೆ. ಬೇರೆ ಪ್ರತಿಯಿಲ್ಲ. ಜೋ ಕ್ಷಮಿಸುವುದಿಲ್ಲ; ಮರುದಿನ ಹೆಪ್ಪುಗಟ್ಟಿದ ನದಿಯ ಮೇಲೆ ತಂಗಿ ಹಿಂದೆ ಬರುತ್ತಿರುವುದು ಗೊತ್ತಿದ್ದೂ ಎಚ್ಚರಿಸುವುದಿಲ್ಲ, ಮಂಜುಗಡ್ಡೆ ಬಿರಿದು ಏಮಿ ನೀರಿಗೆ ಬೀಳುತ್ತಾಳೆ. ಅವಳನ್ನು ಉಳಿಸಿ ತಂದ ಮೇಲೆ ಅಳುತ್ತಿರುವ ಜೋಗೆ ಮಾರ್ಮಿ ಒಂದು ಮಾತು ಹೇಳುತ್ತಾಳೆ: ತನಗೂ ಹೆಚ್ಚುಕಡಿಮೆ ದಿನಾಲೂ ಸಿಟ್ಟು ಬರುತ್ತದೆ, 40 ವರ್ಷ ಪ್ರಯತ್ನಪಟ್ಟು ಅದನ್ನು ತೋರಗೊಡದಿರಲು ಮಾತ್ರ ಕಲಿತಿದ್ದೇನೆ ಎಂದು. ಇಡೀ ಕಾದಂಬರಿಯಲ್ಲಿ ನನಗೆ ಅತಿ ಮುಖ್ಯವಾದ ಪುಟಗಳು ಇವು. ಕ್ಯೂಕರ್ ಅವರ ಚಿತ್ರದಲ್ಲಿ ಬೆಂಕಿಯೂ ಇಲ್ಲ, ಬಿರಿದ ಮಂಜುಗಡ್ಡೆಯೂ ಇಲ್ಲ, ತಾಯಿಯ ಆ ಮಾತೂ ಇಲ್ಲ. ಸ್ಪ್ರಿಂಗ್ ಬೈಯಿಂಗ್ಟನ್ ಅವರ ಮಾರ್ಮಿ ಆದ್ಯಂತ ಬೆಚ್ಚಗಿನ ನಗುವಾಗಿಯೇ ಉಳಿಯುತ್ತಾಳೆ. ಒಂದೇ ಉಡುಪನ್ನು ಹಂಚಿಕೊಳ್ಳುವ ಹುಡುಗಿಯರ ನಡುವೆ ಪ್ರೀತಿಯಷ್ಟೇ ಗಾಢವಾಗಿ ಹುಟ್ಟುವ ಈ ಕೋಪವನ್ನು, ಉಡುಪಿನ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಚಿತ್ರ ಹೇಗೆ ಕೈಬಿಟ್ಟಿತು ಎಂಬುದು ನನಗೆ ಇಂದಿಗೂ ನೋವಿನ ವಿಷಯ. ಹೆಪ್‌ಬರ್ನ್ ಆ ದೃಶ್ಯಗಳನ್ನು ಹೇಗೆ ಮಾಡುತ್ತಿದ್ದರು ಎಂದು ಊಹಿಸಿಕೊಂಡಾಗ ನೋವು ಇನ್ನೂ ಹೆಚ್ಚುತ್ತದೆ.

ಈ ಸಲ ಚಿತ್ರವನ್ನು ತಂಗಿಯೊಂದಿಗೆ ಕುಳಿತು ನೋಡಿದೆ. ಅವಳು ಏಳು ವರ್ಷದವಳಿದ್ದಾಗ ನಾನು ಪದ್ಯ ಬರೆದಿಟ್ಟಿದ್ದ ನೋಟ್‌ಬುಕ್ಕಿನ ಹಾಳೆಗಳನ್ನೆಲ್ಲ ಹರಿದು, ಅಂಗಳದ ಮಳೆನೀರಿನಲ್ಲಿ ದೋಣಿ ಬಿಟ್ಟಿದ್ದಳು. ಎಂಟು ದಿನ ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಆಮೇಲೆ ನಾವಿಬ್ಬರೂ ಎಂದೂ ಆ ವಿಷಯ ಎತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಪುಸ್ತಕ ಸುಡೋದು ಬರಲೇ ಇಲ್ವಲ್ಲ?” ಎಂದು ಕೇಳಿದಳು. ಇಲ್ಲ, ಇದರಲ್ಲಿ ಅದನ್ನು ಬಿಟ್ಟಿದ್ದಾರೆ ಎಂದೆ. ಅಂದು ಬಹಳ ಹೊತ್ತು ಮಾತಾಡಿದೆವು. ನನ್ನ ಆ ನೋಟ್‌ಬುಕ್ಕಿನ ರಟ್ಟಿನ ಬಣ್ಣ, ಅದರ ಮೇಲೆ ನಾನು ಬರೆದಿದ್ದ ಹೆಸರು, ಮೊದಲ ಹಾಳೆಯಲ್ಲಿದ್ದ ಪದ್ಯದ ಎರಡು ಸಾಲು, ಎಲ್ಲವೂ ಅವಳಿಗೆ ನನಗಿಂತ ಚೆನ್ನಾಗಿ ನೆನಪಿದ್ದವು.