ಸ್ಯಾಡಲ್ ಕೆಳಗಿನ ಒಂದು ಮಿಲಿಮೀಟರ್

ಹನ್ನೆರಡು ಸಾವಿರ ರೂಪಾಯಿ ಆಸುಪಾಸಿನ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರನ್ನು ಡಬ್ಬದಿಂದ ತೆಗೆದ ಕೂಡಲೇ ನುಡಿಸಿ ತೀರ್ಪು ಕೊಡಬಾರದು. ಈ ಬೆಲೆಗೆ ಈಗ ಮರಗೆಲಸ, ಅಂಟು, ಪಾಲಿಶ್ ಎಲ್ಲವೂ ಚೆನ್ನಾಗಿಯೇ ಬರುತ್ತವೆ. ಬಾರದೆ ಉಳಿಯುವುದು ಕೊನೆಯ ಹದ. ತಂತಿಯ ಎತ್ತರ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಗಾಡಿ ಅಂದರೆ ಸೀಳು, ಸ್ಯಾಡಲ್ (ಹೊಟ್ಟೆಯ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಪಟ್ಟಿ) ಕೂರುವ ರೀತಿ, ಇವಕ್ಕೆ ಕೈಯಿಂದಲೇ ಸಮಯ ಕೊಡಬೇಕು, ಅಗ್ಗದ ವಾದ್ಯಕ್ಕೆ ಯಾರೂ ಆ ಸಮಯ ಕೊಟ್ಟಿರುವುದಿಲ್ಲ. ಹೊಸ ಗಿಟಾರ್ ಬಂದ ಭಾನುವಾರ ಇಡೀ ದಿನ ಈ ಹದಕ್ಕೇ ಹೋಯಿತು. ಸಂಜೆ ಹೊತ್ತಿಗೆ ಅದು ಬೇರೆಯೇ ವಾದ್ಯವಾಗಿತ್ತು.

ಮೊದಲು ಮರ. ಮೇಲ್ಹಲಗೆ ಸ್ಪ್ರೂಸ್, ಆದರೆ ಇಡೀ ಹಲಗೆಯಲ್ಲ, ಪದರ ಪದರ ಅಂಟಿಸಿದ್ದು. ಸೌಂಡ್‌ಹೋಲ್ ಅಂಚಿಗೆ ಟಾರ್ಚ್ ಹಿಡಿದರೆ ತಿಳಿಯುತ್ತದೆ: ಮೇಲಿನ ನಾರಿನ ಗೆರೆ ಅಂಚಿನಲ್ಲೂ ನೇರ ಕೆಳಗಿಳಿದರೆ ಇಡೀ ಹಲಗೆ, ನಡುವೆ ಬೇರೆ ಬಣ್ಣದ ಪದರ ಕಂಡರೆ ಪ್ಲೈ. ಪ್ಲೈ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಕೋಣೆಯಲ್ಲಿ ಕೂತು ಬರಿಗಿಟಾರ್ ನುಡಿಸುವವರಿಗೆ ಅವರ ಮಾತು ಸರಿ, ನಾದದ ತುಂಬುತನ ಕಡಿಮೆ. ಸ್ಪೀಕರಿಗೆ ಸಿಕ್ಕಿಸಿ ನುಡಿಸುವವರಿಗೆ ಪ್ಲೈ ನಿಜಕ್ಕೂ ಅನುಕೂಲ: ಹವೆಗೆ ಕಡಿಮೆ ಬಾಗುತ್ತದೆ, ಫೀಡ್‌ಬ್ಯಾಕ್‌ಗೂ (ಸ್ಪೀಕರಿನ ಸದ್ದೇ ಗಿಟಾರಿಗೆ ಮರಳಿ ಬಂದು ಕೂಗುವುದು) ಬೇಗ ಸಿಗುವುದಿಲ್ಲ.

ಫ್ರೆಟ್‌ಬೋರ್ಡ್ (ಫ್ರೆಟ್ ಎಂಬ ಲೋಹದ ಅಡ್ಡಗೆರೆಗಳಿರುವ ಕತ್ತಿನ ಹಲಗೆ) ಮರದ ಹೆಸರು 'ಇಂಡಿಯನ್ ಲಾರೆಲ್' ಎಂದಿತ್ತು. ಅದು ನಮ್ಮ ಕಾಡಿನ ಮತ್ತಿ ಮರ. ಮೊದಲು ಈ ಜಾಗದಲ್ಲಿ ಇರುತ್ತಿದ್ದದ್ದು ರೋಸ್‌ವುಡ್, ಅಂದರೆ ಮಲೆನಾಡಿನವರ ಬೀಟೆ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಪಾಯದಂಚಿನ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬಂದು, ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. ಅಗ್ಗದ ಗಿಟಾರ್ ಮಾಡುವವರು ಬದಲಿ ಮರಗಳತ್ತ ತಿರುಗಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬದಲಿ ಮರಗಳು ಮಾತ್ರ ಉಳಿದುಕೊಂಡವು. ಮತ್ತಿ ಗಟ್ಟಿ ಮರ, ಕೆಲಸಕ್ಕೆ ಯಾವ ಕೊರತೆಯೂ ಇಲ್ಲ. ಹೊಸದರಲ್ಲಿ ಒಣಗಿ ಬೆಳ್ಳಗೆ ಕಾಣುತ್ತದೆ. ಫ್ರೆಟ್‌ಬೋರ್ಡಿಗೆಂದೇ ಮಾರುವ ಎಣ್ಣೆ ನಾಲ್ಕು ಹನಿ ಹಚ್ಚಿ, ಐದು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿದರೆ ಬಣ್ಣ ಏರುತ್ತದೆ. ಕೊಬ್ಬರಿ ಎಣ್ಣೆ ಬೇಡ, ಜಿಡ್ಡು ಉಳಿದು ಧೂಳು ಕೂರುತ್ತದೆ.

ಹದ ಮಾಡುವಾಗ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು. ಮೊದಲು ತಂತಿ, ಆಮೇಲೆ ಕತ್ತಿನ ಬಾಗು, ಆಮೇಲೆ ನಟ್, ಎಲ್ಲಕ್ಕೂ ಕೊನೆಗೆ ಸ್ಯಾಡಲ್. ಬಂದ ತಂತಿ 12-53 ಅಳತೆಯದು (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಅದನ್ನು ಬಿಚ್ಚಿ 11-52ರ ಫಾಸ್ಫರ್ ಬ್ರಾಂಜ್ ಹಾಕಿದ್ದಾಯಿತು. ಹಾಕುವಾಗ ಒಂದು ಎಚ್ಚರ: ತಂತಿಯ ತುದಿಯ ಗುಂಡು, ತಂತಿಯನ್ನು ತೂತಿನಲ್ಲಿ ಹಿಡಿದಿಡುವ ಪಿನ್ನಿನ ತುದಿಗೆ ಕೂರಬಾರದು, ಒಳಗಿನ ಹಲಗೆಗೆ ತಗುಲಿ ನಿಲ್ಲಬೇಕು. ಪಿನ್ ಸಡಿಲವಾಗಿ ಇಟ್ಟು, ತಂತಿಯನ್ನು ಮೇಲಕ್ಕೆ ಎಳೆದು, 'ಟಕ್' ಎಂದು ಕೂತ ಮೇಲೆ ಪಿನ್ ಒತ್ತಬೇಕು. ಹಾಗೆ ಮಾಡದಿದ್ದರೆ ಶ್ರುತಿಗೆ ಬರುವಷ್ಟರಲ್ಲಿ ಪಿನ್ ಎಗರುತ್ತದೆ.

ಕತ್ತಿನ ಬಾಗು ನೋಡಲು ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ದಪ್ಪ ತಂತಿಯನ್ನು ಹದಿನಾಲ್ಕನೆಯ ಫ್ರೆಟ್‌ನಲ್ಲಿ ಒತ್ತಿ, ಏಳನೆಯದರ ಮೇಲಿನ ಸಂದು ಅಳೆದದ್ದಾಯಿತು: 0.35 ಮಿ.ಮೀ. 0.2ರ ಹತ್ತಿರ ಇದ್ದರೆ ಸಾಕು. ಕತ್ತಿನೊಳಗೆ ಬಾಗು ತಿದ್ದುವ ಸರಳಿಗೆ, ಅಂದರೆ ಟ್ರಸ್ ರಾಡ್‌ಗೆ, ಅಲನ್ ಕೀ ಹಾಕಿ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಕೀ ಬಿಗಿ ಎನಿಸಿದರೆ ಬಲ ಹಾಕದೆ ರಿಪೇರಿಯವರ ಹತ್ತಿರ ಒಯ್ಯುವುದೇ ಲೇಸು. ಮುರಿದ ಟ್ರಸ್ ರಾಡ್ ತೆಗೆದು ಹಾಕುವ ಖರ್ಚು ಈ ಗಿಟಾರಿನ ಬೆಲೆಯನ್ನೇ ನುಂಗುತ್ತದೆ.

ನಟ್ ಎತ್ತರವಾಗಿತ್ತು. ಹೊಸ ಕಲಿಯುವವರ ಬೆರಳು ಎಫ್ ಕಾರ್ಡ್‌ನಲ್ಲಿ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಉರಿಯುವುದು ಬಹಳ ಸಲ ಇದೇ ಕಾರಣಕ್ಕೆ, ಬೆರಳಿನ ಶಕ್ತಿ ಸಾಲದೆ ಅಲ್ಲ. ಪರೀಕ್ಷೆ ಸುಲಭ: ತಂತಿಯನ್ನು ಎರಡು-ಮೂರನೆಯ ಫ್ರೆಟ್ ನಡುವೆ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಒಂದು ಕಾಗದದಷ್ಟು ಸಂದು ಉಳಿಯಬೇಕು. ಇಲ್ಲಿ ವಿಸಿಟಿಂಗ್ ಕಾರ್ಡ್ ಆರಾಮಾಗಿ ನುಗ್ಗುತ್ತಿತ್ತು. ನಟ್ ಎತ್ತರ ಇದ್ದರೆ ಮೊದಲ ಮೂರು ಫ್ರೆಟ್‌ಗಳ ಸ್ವರವೂ ಏರಿ ಕೇಳುತ್ತದೆ, ಟ್ಯೂನರ್ ಸರಿ ಎಂದರೂ ಕಾರ್ಡ್ ಕಚ್ಚುತ್ತದೆ. ಈ ಗಾಡಿಗೆ ತಂತಿಯ ದಪ್ಪಕ್ಕೆ ತಕ್ಕ ಅರ ಬೇಕು. ಅದಿಲ್ಲದವರು ಈ ಒಂದು ಕೆಲಸವನ್ನು ಹೊರಗೆ ಕೊಡುವುದು ಒಳ್ಳೆಯದು.

ಇನ್ನು ಸ್ಯಾಡಲ್. ಹನ್ನೆರಡನೆಯ ಫ್ರೆಟ್ ಮೇಲೆ ದಪ್ಪ ತಂತಿ 3.2 ಮಿ.ಮೀ., ತೆಳು ತಂತಿ 2.4. ಬೇಕಾದ್ದು 2.5 ಮತ್ತು 1.9. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಇಳಿಸಬೇಕಾದ್ದರ ಎರಡು ಪಟ್ಟು ಸ್ಯಾಡಲ್‌ನಲ್ಲಿ ತೆಗೆಯಬೇಕು: ದಪ್ಪ ತಂತಿಯ ಕಡೆ 1.4, ತೆಳು ತಂತಿಯ ಕಡೆ 1. ತಂತಿ ಸಡಿಲಿಸಿ, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಸ್ಯಾಡಲನ್ನು ನೇರ ಮೇಲಕ್ಕೆ ಎತ್ತಬೇಕು. ಕೆಳಗೆ ಗಾಡಿಯಲ್ಲಿ ತೆಳ್ಳನೆಯ ಪಟ್ಟಿಯೊಂದು ಮಲಗಿರುತ್ತದೆ, ಅದೇ ತಂತಿಯ ಅದುರನ್ನು ವಿದ್ಯುತ್ತಾಗಿಸುವ ಪಿಕಪ್. ಅದನ್ನು ಎಳೆಯಬಾರದು, ಮಡಿಸಬಾರದು.

ಆ ಪಟ್ಟಿಯ ಗುಣವನ್ನು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲೇ ತೋರಿಸಿದ್ದರು: ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಈ ಗುಣದಿಂದ ನಡೆಯುವ ಪಿಯೆಜೊ ಪಿಕಪ್ ಗಾಳಿಯ ನಾದವನ್ನು ಕೇಳುವುದಿಲ್ಲ, ತನ್ನ ಮೇಲೆ ಬೀಳುವ ಒತ್ತಡದ ಏರಿಳಿತವನ್ನಷ್ಟೇ ಗ್ರಹಿಸುತ್ತದೆ. ಆದ್ದರಿಂದ ಸ್ಯಾಡಲ್‌ನ ತಳ ಎಲ್ಲಿ ಕೂರುತ್ತದೋ ಆ ತಂತಿ ಕೇಳುತ್ತದೆ, ಎಲ್ಲಿ ಕೂದಲಿನಷ್ಟು ಎದ್ದಿರುತ್ತದೋ ಆ ತಂತಿ ಸಾಯುತ್ತದೆ. ಅಗ್ಗದ ಗಿಟಾರನ್ನು ಪ್ಲಗ್ ಮಾಡಿದಾಗ ಒಂದೆರಡು ತಂತಿ ಮಂಕಾದರೆ ಎಲ್ಲರೂ ಮೊದಲು ಬೈಯುವುದು ಪಿಕಪ್‌ನ ಸಣ್ಣ ಸದ್ದನ್ನು ಏರಿಸುವ ಪ್ರಿ-ಆಂಪ್ ಅನ್ನು. ದೋಷ ಅಲ್ಲಿರುವುದು ಅಪರೂಪ.

ಉಜ್ಜಲು ಅಡುಗೆಮನೆಯ ಗ್ರಾನೈಟ್ ಕಟ್ಟೆಯಷ್ಟು ಒಳ್ಳೆಯ ಸಮತಲ ಮನೆಯಲ್ಲಿ ಬೇರೆ ಇಲ್ಲ. 180ರ ಉಪ್ಪುಕಾಗದವನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಸ್ಯಾಡಲ್‌ನ ಬದಿಯಲ್ಲಿ ತೆಗೆಯಬೇಕಾದ ಗೆರೆ ಎಳೆದು, ತಳದ ಉದ್ದಕ್ಕೂ ಪೆನ್ಸಿಲ್ ಗೀಚಿ ಉಜ್ಜಬೇಕು. ಇಪ್ಪತ್ತು ಸಲ ಉಜ್ಜಿ ತಿರುಗಿಸಿ ನೋಡಿದಾಗ ಎರಡೂ ತುದಿಯ ಪೆನ್ಸಿಲ್ ಪೂರ್ತಿ ಮಾಯವಾಗಿತ್ತು, ನಡುವೆ ಬೆರಳಗಲ ಕಪ್ಪು ಹಾಗೇ ಉಳಿದಿತ್ತು. ಅಂದರೆ ತುದಿಗಳಷ್ಟೇ ಸವೆಯುತ್ತಿವೆ. ಬೆರಳು ಸಹಜವಾಗಿ ತುದಿಯನ್ನೇ ಹೆಚ್ಚು ಒತ್ತುತ್ತದೆ. ಚೌಕಾಕಾರದ ಮರದ ತುಂಡೊಂದಕ್ಕೆ ಸ್ಯಾಡಲನ್ನು ಒರಗಿಸಿ, ಎರಡನ್ನೂ ಒಟ್ಟಿಗೆ ತಳ್ಳಿದರೆ ತಳ ಅಡ್ಡಕ್ಕೂ ವಾಲುವುದಿಲ್ಲ. ಮತ್ತೆ ಪೆನ್ಸಿಲ್, ಮತ್ತೆ ಇಪ್ಪತ್ತು. ಗೆರೆಗೆ ಕಾಲು ಮಿಲಿಮೀಟರ್ ಇರುವಾಗ ನಿಲ್ಲಿಸಿ, ತಂತಿ ಹಾಕಿ ಅಳೆದು, ಉಳಿದದ್ದನ್ನು 400ರ ಕಾಗದದಲ್ಲಿ ಮುಗಿಸಬೇಕು. ತೆಗೆದದ್ದನ್ನು ಮತ್ತೆ ಕೂಡಿಸಲಾಗದು.

ಅಷ್ಟಾದರೂ ಮೊದಲ ಸಲ ಪ್ಲಗ್ ಮಾಡಿದಾಗ ತೆಳು ತಂತಿಗಳೆರಡೂ ಹಿಂದೆಯೇ ಉಳಿದವು. ಸ್ಯಾಡಲ್ ಎತ್ತಿ ನೋಡಿದರೆ ತಳ ಸಮ ಇದೆ, ಗಾಡಿಯ ಮೂಲೆಯಲ್ಲಿ ಮರದ ಪುಡಿಯ ಪುಟ್ಟ ಉಂಡೆ. ಒಣ ಬ್ರಷ್‌ನಲ್ಲಿ ಗುಡಿಸಿ ಕೂರಿಸಿದ ಮೇಲೆ ಆರೂ ತಂತಿ ಒಂದೇ ಮಟ್ಟಕ್ಕೆ ಬಂದವು.

ಪ್ರಿ-ಆಂಪ್‌ನಲ್ಲಿ ವಾಲ್ಯೂಮ್, ಬೇಸ್, ಮಿಡ್, ಟ್ರೆಬಲ್, ಜತೆಗೆ ಟ್ಯೂನರ್. ಮೂರೂ ಗುಂಡಿ ನಡುವೆ ಇಟ್ಟರೆ ಪಿಯೆಜೊದ ಆ 'ಚಟಚಟ' ಗುಣ ಎದ್ದು ಕೇಳುತ್ತದೆ. ಮಿಡ್ ಮತ್ತು ಟ್ರೆಬಲ್ ಸ್ವಲ್ಪ ಇಳಿಸಿದರೆ ಮರದ ನಾದಕ್ಕೆ ಹತ್ತಿರವಾಗುತ್ತದೆ. ಗಿಟಾರ್ ಗುಂಯ್ ಎಂದು ಕೂಗಲು ಶುರುವಿಟ್ಟರೆ ಬಹುತೇಕ ಸಲ ದೊಡ್ಡ ಹೊಟ್ಟೆಯೊಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ಮೊಳಗುತ್ತಿರುತ್ತದೆ. ಬೇಸ್ ಇಳಿಸಿ, ಸ್ಪೀಕರಿಗೆ ಎದುರಾಗಿ ನಿಲ್ಲದೆ, ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕಿದರೆ ಸಣ್ಣ ಸಭೆಗೆ ಸಾಕು. ಎಲೆಕ್ಟ್ರಿಕ್ ಗಿಟಾರಿನ ಆಂಪ್‌ಗಿಂತ ಮಿಕ್ಸರ್ ಮೂಲಕ ಪಿ.ಎ. ಸ್ಪೀಕರ್ (ಸಭೆಗೆ ಮಾತು-ಹಾಡು ಕೇಳಿಸುವಂಥದ್ದು) ಎಷ್ಟೋ ವಾಸಿ. ಬ್ಲೂಟೂತ್ ಸ್ಪೀಕರ್ ಕೆಲಸಕ್ಕೆ ಬಾರದು, ಮೀಟಿದ್ದಕ್ಕೂ ಕೇಳಿದ್ದಕ್ಕೂ ಕಿವಿಗೆ ತಿಳಿಯುವಷ್ಟು ಅಂತರ. ಒಳಗಿರುವುದು 9 ವೋಲ್ಟ್ ಬ್ಯಾಟರಿ. ಕೇಬಲ್ ಸಿಕ್ಕಿಸಿದ ಕ್ಷಣದಿಂದ ಖರ್ಚಾಗುತ್ತದೆ, ನುಡಿಸಲಿ ಬಿಡಲಿ. ಜೋರಾಗಿ ಮೀಟಿದಾಗ ಮಾತ್ರ ಸ್ವರ ಹರಿದಂತೆ ಕೇಳಿದರೆ ಮೊದಲು ಬ್ಯಾಟರಿ ಬದಲಿಸಿ.

ಭಾವಗೀತೆಗೆ ಜತೆ ಕೊಡುವವರಿಗೆ ಕ್ಯಾಪೊ ಬೇಕೇ ಬೇಕು. ಹಾರ್ಮೋನಿಯಂನ ಕಪ್ಪು ಒಂದಕ್ಕೆ ಮೊದಲ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಸಿ ಕಾರ್ಡ್ ಹಿಡಿದರಾಯಿತು, ಕಪ್ಪು ಎರಡಕ್ಕೆ ಅಲ್ಲೇ ಡಿ ಹಿಡಿಯಬಹುದು ಅಥವಾ ಮೂರನೆಯ ಫ್ರೆಟ್‌ಗೆ ಹೋಗಿ ಸಿ. ಕ್ಯಾಪೊ ತಂತಿಯನ್ನು ತುಸು ಬಿಗಿಯುತ್ತದೆ, ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಬೇಕು.

ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುತ್ತದೆ. ಮಂಗಳೂರಿನ ಜುಲೈಯಲ್ಲಿ ಹೊಟ್ಟೆ ಉಬ್ಬಿ ತಂತಿ ಮೇಲೇಳುತ್ತದೆ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಗಿಟಾರ್ ನೆಮ್ಮದಿಯಾಗಿರುತ್ತದೆ. ಬ್ಯಾಗಿನಲ್ಲಿ ಒಂದು ತೇವಮಾಪಕ, ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಆಯಿತು. ಅಷ್ಟರ ಮೇಲೂ ತಂತಿ ಎದ್ದರೆ ಈಗಿನ ಸ್ಯಾಡಲ್ ಮುಟ್ಟಬೇಡಿ. ಅದೇ ಅಗಲದ ಇನ್ನೊಂದು ತಂದು ಅರ್ಧ ಮಿಲಿಮೀಟರ್ ಗಿಡ್ಡಕ್ಕೆ ಉಜ್ಜಿ, ತಳದಲ್ಲಲ್ಲ, ಬದಿಯಲ್ಲಿ 'ಮಳೆಗಾಲ' ಎಂದು ಪೆನ್ಸಿಲ್‌ನಲ್ಲಿ ಬರೆದು ಬ್ಯಾಗಿನ ಜೇಬಿನಲ್ಲಿಡಿ.